ಕಿಚ್ಚು ಹಾಯುವ ಎತ್ತಿನ ಸ್ಫುಟಚಿತ್ರವನ್ನು ತೆಗೆಯುವುದು ಹೇಗೆ?

ಮಕರ ಸಂಕ್ರಾಂತಿಯ ಸಂಜೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಸುಗಳನ್ನು ಕಿಚ್ಚು ಹಾಯಿಸುವ ಪದ್ಧತಿಯನ್ನು ವಾಚಕರಲ್ಲಿ ಅನೇಕರು ಕಂಡೇ ಇರುತ್ತಾರೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸುತ್ತಿನ ಊರುಗಳಲ್ಲಿ ಆ ದಿನ ಬೆಳಗ್ಗೆ ಕಪಿಲೆಯಲ್ಲಿಯೋ ಕಾವೇರಿಯಲ್ಲಿಯೋ, ಹೊಳೆ ದೂರವಾದರೆ ಕೆರೆ ಕಾಲುವೆಗಳಲ್ಲಿಯೋ ಎತ್ತು ಹಸುಗಳ ಮೈತೊಳೆಯುತ್ತಾರೆ. ಮೈಗೆ ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಹೂವುಗಳನ್ನು ಕಟ್ಟುತ್ತಾರೆ. ಹೊತ್ತು ಮುಳುಗುವ ವೇಳೆಗೆ ಊರ ಮುಂದಿನ ದಾರಿಗೆ ಅಡ್ಡಲಾಗಿ ಒಣಹುಲ್ಲನ್ನು ಹರಡಿ ಬೆಂಕಿ ಹಚ್ಚುತ್ತಾರೆ. ಉರಿ ಎದ್ದೊಡನೆ ಒಂದರ ಹಿಂದೊಂದು ರಾಸು, ಹಗ್ಗ ಹಿಡಿದ ಒಡೆಯನೊಡನೆ, ಓಡಿಬಂದು ಅದನ್ನು ನೆಗೆದು ದಾಟುತ್ತದೆ. ರಾಸುಗಳಿಗೆ ರೋಗರುಜಿನ ತಟ್ಟದಿರಲೆಂಬುದು ಜನರ ನಂಬಿಕೆ. ಆ ನಂಬಿಕೆಯ ವಿಚಾರ ಈ ಲೇಖನದ್ದಲ್ಲ. ಇಲ್ಲಿ ನಾವು ವಿಚಾರಿಸಬೇಕೆಂದಿರುವುದು ಬೇರೊಂದು ಪ್ರಶ್ನೆಯನ್ನು: ಹಬ್ಬದ ಮರುದಿನ ಊರಿನ ಹುಡುಗರ ಕೈಯಲ್ಲಿರುವ ನೂರಾರು ಚಿತ್ರಗಳಲ್ಲಿ ಎತ್ತಿನ ಕಣ್ಣು, ಕೊಂಬು, ಗೊರಸುಗಳು ಸ್ಫುಟವಾಗಿ ಕಾಣುವಂಥವು ಒಂದೆರಡೂ ಇರುವುದಿಲ್ಲವೇಕೆ?

ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ರೋಡಿಯೊ ಎಂಬ ಪಂದ್ಯಗಳಿವೆ. ಕೆರಳಿ ನೆಗೆಯುವ ಹೋರಿಯ ಬೆನ್ನಿನ ಮೇಲೆ ಸವಾರನು ಎಂಟು ಸೆಕೆಂಡು ಕುಳಿತಿರಬೇಕು. ಈ ಪಂದ್ಯಗಳು ಎಷ್ಟೋ ಸಲ ಮುಚ್ಚಿದ ಅಂಗಣಗಳಲ್ಲಿ, ದೀಪದ ಬೆಳಕಿನಲ್ಲಿ ನಡೆಯುತ್ತವೆ. ಅಲ್ಲಿನ ಛಾಯಾಗ್ರಾಹಕರಿಗೆ ಎದುರಾಗುವ ಕಷ್ಟಗಳು ಮೂರು: ಪ್ರಾಣಿಯ ವೇಗ ಹೆಚ್ಚು, ಬೆಳಕು ಕಡಿಮೆ, ಹತ್ತಿರ ಹೋಗುವಂತಿಲ್ಲ. ಕಿಚ್ಚಿನ ಮುಂದೆ ನಿಂತ ನಮ್ಮ ವಿದ್ಯಾರ್ಥಿಗೂ ಇವೇ ಮೂರು ಕಷ್ಟಗಳು. ಆತನ ಪಾಲಿಗೆ ನಾಲ್ಕನೆಯದೊಂದೂ ಉಂಟು. ರೋಡಿಯೊದವನಿಗೆ ಎಂಟು ಸೆಕೆಂಡುಗಳಾದರೂ ದೊರೆಯುತ್ತವೆ. ಎತ್ತು ಉರಿಯ ಮೇಲಿರುವುದು ಹೆಚ್ಚೆಂದರೆ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡು ಕೈತಪ್ಪಿದರೆ ಮತ್ತೆ ಬಾರದು. "ಇನ್ನೊಂದು ಸಲ ಹಾಯಿಸಿ, ಚಿತ್ರ ಸರಿಯಾಗಿ ಬರಲಿಲ್ಲ" ಎಂದು ಕೇಳುವ ಅಧಿಕಾರ ಕ್ಯಾಮರಾ ಹಿಡಿದವನಿಗೆ ಇಲ್ಲ. ಮಾತು ಬಾರದ ಪ್ರಾಣಿಯನ್ನು ನಮ್ಮ ಚಿತ್ರಕ್ಕಾಗಿ ಎರಡನೆಯ ಬಾರಿ ಬೆಂಕಿಗೆ ಅಟ್ಟುವುದು ಕ್ರೌರ್ಯವಲ್ಲದೆ ಬೇರೇನೂ ಅಲ್ಲ. ಆದಕಾರಣ ಇರುವ ಒಂದೇ ಅವಕಾಶದಲ್ಲಿ ಕೆಲಸ ಮುಗಿಯಬೇಕಾದರೆ, ಗುಂಡಿಯನ್ನು ಒತ್ತುವುದಕ್ಕೆ ಮುಂಚೆಯೇ ಲೆಕ್ಕವೆಲ್ಲ ಮುಗಿದಿರಬೇಕು.

ಕರಗುವ ಬೆಳಕು

ಮೊದಲು ಬೆಳಕಿನ ವಿಚಾರ. ಜನವರಿಯ ಮಧ್ಯದಲ್ಲಿ ನಂಜನಗೂಡಿನಲ್ಲಿ ಸೂರ್ಯನು ಸಂಜೆ ಸುಮಾರು ಆರೂಕಾಲು ಗಂಟೆಗೆ ಮುಳುಗುತ್ತಾನೆ. ನಡುಹಗಲಿನ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಹತ್ತಿರ ಹತ್ತಿರ ಒಂದು ಲಕ್ಷ ಲಕ್ಸ್. ಮೋಡವಿಲ್ಲದ ದಿನ ಸೂರ್ಯನು ಮುಳುಗುವ ಹೊತ್ತಿಗೆ ಅದು ಸುಮಾರು ೪೦೦ ಲಕ್ಸಿಗೆ ಇಳಿದಿರುತ್ತದೆ. ಸಾಧಾರಣವಾದ ಒಳಾಂಗಣ ಕ್ರೀಡಾಂಗಣದಲ್ಲಿಯೂ ಇಷ್ಟೇ, ಎಂದರೆ ಕೆಲವು ನೂರು ಲಕ್ಸ್ ಬೆಳಕು ಇರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಸಂಕ್ರಾಂತಿಯ ಸಂಜೆ ನಮ್ಮ ಹಳ್ಳಿಯ ಬಯಲೂ ಒಂದು ಮುಚ್ಚಿದ ಅಂಗಣವೇ. ಆದರೆ ಅಂಗಣದ ದೀಪಗಳು ಕುಂದುವುದಿಲ್ಲ, ಸಂಜೆಯ ಬೆಳಕು ಕುಂದುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯನು ದಿಗಂತದ ಕೆಳಕ್ಕೆ ಬಹಳ ಕಡಿದಾಗಿ ಇಳಿಯುವುದರಿಂದ ಮುಸ್ಸಂಜೆ ಬೇಗನೆ ಮುಗಿದುಹೋಗುತ್ತದೆ. ಅಸ್ತಮಯದಿಂದ ಸುಮಾರು ಇಪ್ಪತ್ತಮೂರು ನಿಮಿಷಗಳಲ್ಲಿ ಸೂರ್ಯನು ದಿಗಂತದಿಂದ ಆರು ಡಿಗ್ರಿ ಕೆಳಗಿರುತ್ತಾನೆ. ಆಗ ನೆಲದ ಮೇಲಿನ ಬೆಳಕು ಮೂರೂವರೆ ಲಕ್ಸಿಗಿಂತ ಹೆಚ್ಚಿಲ್ಲ. ೪೦೦ ಎಲ್ಲಿ, ಮೂರೂವರೆ ಎಲ್ಲಿ! ಬೆಳಕು ಏಳು ಸಲ ಅರ್ಧಕ್ಕರ್ಧ ಇಳಿದಿದೆ ಎಂದಾಯಿತು. ಸ್ಥೂಲವಾಗಿ ಹೇಳುವುದಾದರೆ, ಅಸ್ತಮಯವಾದ ಮೇಲೆ ಮೂರು ಮೂರು ನಿಮಿಷಕ್ಕೊಮ್ಮೆ ಬೆಳಕು ಅರ್ಧವಾಗುತ್ತದೆ. ಈ ಒಂದು ಸಂಖ್ಯೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದಿನ ಲೆಕ್ಕಗಳಿಗೆ ಇದೇ ನಾಣ್ಯ.

ಕ್ಯಾಮರಾದ ಭಾಷೆಯಲ್ಲಿ ಇದರ ಅರ್ಥವೇನು? ಮಸೂರದ ರಂಧ್ರವನ್ನು ಎಫ್/೨.೮ರಷ್ಟು ತೆರೆದು, ಸಂವೇದಕದ ಸೂಕ್ಷ್ಮತೆಯನ್ನು ಐ.ಎಸ್.ಒ. ೬೪೦೦ಕ್ಕೆ ಏರಿಸಿದೆವೆನ್ನೋಣ. ೪೦೦ ಲಕ್ಸ್ ಬೆಳಕಿಗೆ ಷಟರು ಸುಮಾರು ೧/೧೨೫೦ ಸೆಕೆಂಡು ತೆರೆದರೆ ಸಾಕು. ಮೂರು ನಿಮಿಷವಾದ ಮೇಲೆ ೧/೬೪೦ ಬೇಕು. ಆರು ನಿಮಿಷಕ್ಕೆ ೧/೩೨೦, ಒಂಬತ್ತಕ್ಕೆ ೧/೧೬೦, ಹನ್ನೆರಡಕ್ಕೆ ೧/೮೦. ಕ್ಯಾಮರಾದೊಂದಿಗೆ ಸಾಮಾನ್ಯವಾಗಿ ಬರುವ ಎಫ್/೫.೬ರ ಮಸೂರವಾದರೆ ಪ್ರತಿಯೊಂದಕ್ಕೂ ನಾಲ್ಕರಷ್ಟು ಕಾಲ ಬೇಕು, ಏಕೆಂದರೆ ಅದರ ರಂಧ್ರದ ವ್ಯಾಸ ಅರ್ಧ, ವಿಸ್ತೀರ್ಣ ನಾಲ್ಕನೆಯ ಒಂದು ಭಾಗ.

ಸೂಕ್ಷ್ಮತೆಯನ್ನು ಇನ್ನೂ ಏರಿಸಿದರಾಗದೆ ಎಂದು ಯಾರಾದರೂ ಕೇಳಬಹುದು. ಏರಿಸಬಹುದು, ಆದರೆ ಐ.ಎಸ್.ಒ. ಸಂಖ್ಯೆಯನ್ನು ಏರಿಸಿದ ಮಾತ್ರಕ್ಕೆ ಹೊಸ ಬೆಳಕು ಹುಟ್ಟುವುದಿಲ್ಲ. ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆ. ಅವು ಮಳೆಯ ಹನಿಗಳಂತೆ ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಬೀಳುತ್ತವೆ. ಈ ಏರುಪೇರು ಬಿದ್ದ ಕಣಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಚಿತ್ರದ ಒಂದು ಚುಕ್ಕೆಗೆ ೧೦,೦೦೦ ಕಣಗಳು ಬಿದ್ದರೆ ಏರುಪೇರು ೧೦೦, ಅಂದರೆ ನೂರಕ್ಕೆ ಒಂದು. ಬೆಳಕು ಹದಿನಾರನೆಯ ಒಂದು ಭಾಗಕ್ಕೆ ಇಳಿದು ೬೨೫ ಕಣಗಳು ಮಾತ್ರ ಬಿದ್ದರೆ ಏರುಪೇರು ೨೫. ಇದು ನೂರಕ್ಕೆ ನಾಲ್ಕಾಯಿತು. ಸಂಜೆಯ ಚಿತ್ರಗಳಲ್ಲಿ ನಯವಾದ ಮೈಯೂ ರಾಗಿಹಿಟ್ಟು ಚೆಲ್ಲಿದಂತೆ ಕಾಳುಕಾಳಾಗಿ ಕಾಣುವುದಕ್ಕೆ ಕಾರಣ ಇದು. ಹಾಗಿದ್ದರೂ ಕಾಳು ಮತ್ತು ಮಸುಕುಗಳ ನಡುವೆ ಒಂದನ್ನು ಆರಿಸಬೇಕಾಗಿ ಬಂದರೆ ನಾವು ಕಾಳನ್ನೇ ಆರಿಸುತ್ತೇವೆ. ಕಾಳಿನ ಹಿಂದೆ ಎತ್ತಿನ ಕಣ್ಣು ಇದ್ದೇ ಇರುತ್ತದೆ. ಮಸುಕಿನಲ್ಲಿ ಅದು ಅಳಿಸಿಯೇ ಹೋಗಿರುತ್ತದೆ.

ಮಸುಕಿನ ಅಳತೆ

ಷಟರು ತೆರೆದಿರುವಷ್ಟು ಹೊತ್ತು ವಸ್ತು ಚಲಿಸುತ್ತಲೇ ಇರುವುದರಿಂದ ಅದರ ಪ್ರತಿಯೊಂದು ಬಿಂದುವೂ ಚಿತ್ರದಲ್ಲಿ ಒಂದು ಸಣ್ಣ ಗೆರೆಯಾಗಿ ಎಳೆಯಲ್ಪಡುತ್ತದೆ. ಮಸುಕು ಎಂದರೆ ಈ ಗೆರೆಯೇ. ಅದರ ಉದ್ದವನ್ನು ಕಂಡುಹಿಡಿಯಲು ಹೈಸ್ಕೂಲಿನ ಗಣಿತವೇ ಧಾರಾಳವಾಯಿತು.

ಓಡಿಬರುವ ಎತ್ತಿನ ವೇಗವನ್ನು ಸೆಕೆಂಡಿಗೆ ೬ ಮೀಟರು ಎಂದಿಟ್ಟುಕೊಳ್ಳೋಣ. ಇದು ಅತಿಯೇನೂ ಅಲ್ಲ. ೨೦೨೦ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಒಂದು ಜೋಡಿ ಕೋಣಗಳು ಕೆಸರಿನ ಕರೆಯಲ್ಲಿ ೧೪೨.೫ ಮೀಟರು ದೂರವನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದುವು, ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ನಮ್ಮ ಚಿತ್ರದ ಚೌಕಟ್ಟಿನಲ್ಲಿ ಆರು ಮೀಟರು ಅಗಲದ ನೋಟ ಅಡಕವಾಗಿದೆಯೆಂದೂ, ಅದನ್ನು ಮೂವತ್ತು ಸೆಂಟಿಮೀಟರು ಅಗಲದ ಕಾಗದದ ಮೇಲೆ ಮುದ್ರಿಸುತ್ತೇವೆಂದೂ ಭಾವಿಸೋಣ. ಆಗ ಚಿತ್ರವು ನಿಜದ ಇಪ್ಪತ್ತನೆಯ ಒಂದು ಭಾಗ. ಎತ್ತು ಅಡ್ಡಲಾಗಿ ಓಡುತ್ತಿದ್ದರೆ ಕಾಗದದ ಮೇಲೆ ಅದರ ಬಿಂಬ ಸೆಕೆಂಡಿಗೆ ೩೦೦ ಮಿಲಿಮೀಟರು ಜರುಗುತ್ತದೆ. ಷಟರು ೧/೬೦ ಸೆಕೆಂಡು ತೆರೆದಿದ್ದರೆ ಮಸುಕಿನ ಗೆರೆ ೫ ಮಿಲಿಮೀಟರು. ಕಣ್ಣು ಯಾವುದು ಕೊಂಬು ಯಾವುದು ತಿಳಿಯದು. ೧/೧೨೫ಕ್ಕೆ ಅದು ೨.೪ ಮಿಲಿಮೀಟರು. ೧/೧೦೦೦ಕ್ಕೆ ೦.೩ ಮಿಲಿಮೀಟರು. ಪುಸ್ತಕವನ್ನು ಹಿಡಿಯುವ ದೂರದಿಂದ ನೋಡುವ ನಮ್ಮ ಕಣ್ಣು ಕಾಲು ಮಿಲಿಮೀಟರಿನಷ್ಟು ಮಸುಕನ್ನು ಸ್ಫುಟವೆಂದೇ ಒಪ್ಪಿಕೊಳ್ಳುತ್ತದೆ. ಆದುದರಿಂದ, ಕ್ಯಾಮರಾವನ್ನು ಅಲುಗಾಡಿಸದೆ ಹಿಡಿದು, ಅಡ್ಡಲಾಗಿ ಓಡುವ ಎತ್ತನ್ನು ಚಿತ್ರಿಸಬೇಕಾದರೆ ೧/೧೦೦೦ ಸೆಕೆಂಡಾದರೂ ಬೇಕು.

ಈ ವೇಗ ನಮಗೆ ಎಷ್ಟು ಹೊತ್ತು ದೊರೆಯುತ್ತದೆ? ಮೇಲಿನ ಲೆಕ್ಕವನ್ನು ನೋಡಿದರೆ, ಸೂರ್ಯ ಮುಳುಗಿದ ಮೇಲೆ ಒಂದೇ ನಿಮಿಷ! ಕಿಚ್ಚು ಹಚ್ಚುವ ವೇಳೆಗೆ ಆ ನಿಮಿಷ ಕಳೆದು ಬಹಳ ಹೊತ್ತಾಗಿರುತ್ತದೆ. ಇನ್ನೂ ಬೆಲೆಯುಳ್ಳ ಕ್ಯಾಮರಾ ಬೇಕೆಂದು ಹುಡುಗರು ನಿಟ್ಟುಸಿರು ಬಿಡುವುದು ಇಲ್ಲಿಯೇ. ಆದರೆ ಮಸುಕಿಗೆ ಕಾರಣ ಷಟರಿನ ಕಾಲವೊಂದೇ ಅಲ್ಲ. ಷಟರಿನ ಕಾಲ ಮತ್ತು ಬಿಂಬದ ವೇಗ ಇವೆರಡರ ಗುಣಲಬ್ಧ. ಕಾಲವನ್ನು ಇಳಿಸುವುದು ಹಣದ ಕೆಲಸವಾದರೆ ಬಿಂಬದ ವೇಗವನ್ನು ಇಳಿಸುವುದು ಬುದ್ಧಿಯ ಕೆಲಸ. ಅದಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು ನಿಲ್ಲುವ ಸ್ಥಳ. ನಮ್ಮ ದೃಷ್ಟಿರೇಖೆಗೆ ಅಡ್ಡವಾದ ವೇಗ ಮಾತ್ರ ಹೆಚ್ಚು ಮಸುಕನ್ನು ಉಂಟುಮಾಡುತ್ತದೆ. ಎತ್ತಿನ ಹಾದಿಯು ದೃಷ್ಟಿರೇಖೆಗೆ ೩೦ ಡಿಗ್ರಿ ಓರೆಯಾಗಿದ್ದರೆ ಅಡ್ಡವೇಗ ಅರ್ಧಕ್ಕೆ ಇಳಿಯುತ್ತದೆ. ೩೦ ಡಿಗ್ರಿಯ ಸೈನು ಅರ್ಧವೆಂಬುದನ್ನು ನೀವು ಓದಿಯೇ ಇದ್ದೀರಿ. ಹಾಗಾದರೆ ನೇರವಾಗಿ ಎದುರಿಗೆ ನಿಂತರೆ ಮಸುಕೇ ಇರದಲ್ಲ ಎಂಬ ಯೋಚನೆ ಹೊಳೆಯಬಹುದು. ಲೆಕ್ಕದ ಮಟ್ಟಿಗೆ ಅದು ಬಹುಮಟ್ಟಿಗೆ ದಿಟ, ಆದರೆ ಉರಿಯನ್ನು ದಾಟಿದ ರಾಸು ಹೆದರಿ ಮುನ್ನುಗ್ಗುವ ದಾರಿ ಅದೇ. ಎಷ್ಟೇ ಒಳ್ಳೆಯ ಚಿತ್ರದ ಆಸೆಗೂ ಯಾರೂ ಅಲ್ಲಿ ನಿಲ್ಲಬಾರದು. ಓರೆಯಾಗಿ, ಹತ್ತು ಹನ್ನೆರಡು ಮೀಟರು ದೂರದಲ್ಲಿ, ಒಂದು ಜಗಲಿಯ ಮೇಲೆ ಅಥವಾ ಕಲ್ಲುಗೋಡೆಯ ಹಿಂದೆ ನಿಲ್ಲುವುದು ಸರಿ. ರಾಸು ಓಡಿಬರುವಾಗ ಉರಿಯ ಬೆಳಕು ಅದರ ಮುಖಕ್ಕೂ ಎದೆಗೂ ಬೀಳುತ್ತದೆಯಾದ್ದರಿಂದ, ಮುಖ ಕಾಣುವಂತೆ ಸ್ವಲ್ಪ ಮುಂಭಾಗದ ಓರೆಯನ್ನೇ ಆರಿಸಬೇಕು. ಹುಲ್ಲಿನ ಎಸಳೊಂದನ್ನು ಮೇಲಕ್ಕೆ ತೂರಿ ಗಾಳಿಯ ದಿಕ್ಕನ್ನೂ ನೋಡಿಕೊಳ್ಳಬೇಕು. ಹೊಗೆ ನಮ್ಮ ಕಡೆಗೆ ಬೀಸುವಲ್ಲಿ ನಿಂತರೆ ಎಲ್ಲ ಶ್ರಮವೂ ವ್ಯರ್ಥ. ಉರಿಯ ಮೂಲಕ ಹಾಯಿಸಿ ನೋಡುವುದೂ ಕೂಡದು. ಕಾದ ಗಾಳಿ ಅಲೆಅಲೆಯಾಗಿ ಬೆಳಕನ್ನು ಬಾಗಿಸುವುದರಿಂದ ಅದರಾಚೆಯ ವಸ್ತು, ಬೇಸಗೆಯ ರಸ್ತೆಯ ಮೇಲೆ ಬಿಸಿಲ್ಗುದುರೆ ನಡುಗುವಂತೆ, ನಡುಗಿ ಕಾಣುತ್ತದೆ. ಯಾವ ಷಟರಿನ ವೇಗವೂ ಇದಕ್ಕೆ ಮದ್ದಲ್ಲ.

ಎರಡನೆಯದು, ಎತ್ತನ್ನು ಅನುಸರಿಸಿ ಕ್ಯಾಮರಾವನ್ನು ಹೊರಳಿಸುವುದು. ಇದಕ್ಕೆ ಪ್ಯಾನಿಂಗ್ ಎಂದು ಹೆಸರು. ೧೨ ಮೀಟರು ದೂರದಲ್ಲಿ ಅಡ್ಡಲಾಗಿ ಓಡುವ ಎತ್ತನ್ನು ಹಿಂಬಾಲಿಸಬೇಕಾದರೆ ಕ್ಯಾಮರಾ ಸೆಕೆಂಡಿಗೆ ಅರ್ಧ ರೇಡಿಯನ್, ಅಂದರೆ ಸುಮಾರು ೩೦ ಡಿಗ್ರಿ ಹೊರಳಬೇಕು. ಗಡಿಯಾರದ ಮುಖದಲ್ಲಿ ಒಂದರಿಂದ ಎರಡಕ್ಕೆ ಇರುವಷ್ಟು ಕೋನ; ಕೈಗೆ ಇದು ಕಷ್ಟವಾದ ವೇಗವಲ್ಲ. ಕಾಲುಗಳನ್ನು ಎತ್ತು ದಾಟುವ ಸ್ಥಳದ ಕಡೆಗೆ ಊರಿ, ಸೊಂಟದಿಂದ ಮೇಲಿನ ಮೈಯನ್ನು ಮಾತ್ರ ತಿರುಗಿಸಿ, ಇಪ್ಪತ್ತು ಹೆಜ್ಜೆ ಹಿಂದಿನಿಂದಲೇ ಎತ್ತಿನ ಕಣ್ಣನ್ನು ಹಿಡಿದು ಬರಬೇಕು. ಗುಂಡಿ ಒತ್ತಿದ ಮೇಲೂ ಹೊರಳುವುದನ್ನು ನಿಲ್ಲಿಸಬಾರದು. ನಮ್ಮ ಅನುಸರಣೆಯಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿದ್ದರೂ ಬಿಂಬದ ವೇಗ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ೧/೧೨೫ ಸೆಕೆಂಡಿಗೆ ೨.೪ ಮಿಲಿಮೀಟರು ಇದ್ದ ಗೆರೆ ಕಾಲು ಮಿಲಿಮೀಟರಿಗೆ ಬರುತ್ತದೆ. ಹಿನ್ನೆಲೆಯ ಜನ, ಮರ, ಮನೆಗಳು ಅಡ್ಡಗೆರೆಗಳಾಗಿ ಎಳೆದುಹೋಗುತ್ತವೆ, ಹೋಗಲಿ. ಎತ್ತು ಓಡುತ್ತಿದೆ ಎಂಬುದನ್ನು ನೋಡುವವರಿಗೆ ಆ ಗೆರೆಗಳೇ ಹೇಳುತ್ತವೆ.

ನೆಗೆತದ ನೆತ್ತಿ

ಆದರೆ ಎತ್ತು ಅಡ್ಡಕ್ಕೆ ಮಾತ್ರ ಚಲಿಸುವುದಿಲ್ಲ. ನೆಗೆಯುವಾಗ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಇಲ್ಲಿಯೇ ಪ್ರಕೃತಿ ನಮಗೆ ಮೂರನೆಯ ಉಪಾಯವನ್ನು, ಅದೂ ಪುಕ್ಕಟೆಯಾಗಿ, ಕೊಟ್ಟಿದೆ. ಮೇಲಕ್ಕೆ ಎಸೆದ ಕಲ್ಲು ಎತ್ತರದ ತುದಿಯಲ್ಲಿ ಒಂದು ಕ್ಷಣ ನಿಂತು ಮತ್ತೆ ಬೀಳುವಂತೆ, ನೆಗೆದ ಎತ್ತಿನ ಮೈಯೂ ನೆತ್ತಿಯ ಬಿಂದುವಿನಲ್ಲಿ ಮೇಲುಮುಖವಾದ ವೇಗವನ್ನೆಲ್ಲ ಕಳೆದುಕೊಂಡಿರುತ್ತದೆ. ನೆಗೆತದಲ್ಲಿ ಎತ್ತಿನ ಗುರುತ್ವಕೇಂದ್ರ ೩೦ ಸೆಂಟಿಮೀಟರು ಏರಿತೆನ್ನಿ. ನೆಲ ಬಿಡುವಾಗ ಅದರ ಊರ್ಧ್ವವೇಗ ಸೆಕೆಂಡಿಗೆ ೨.೪ ಮೀಟರು ಇರಬೇಕು. ಏರಲು ಕಾಲು ಸೆಕೆಂಡು, ಇಳಿಯಲು ಕಾಲು ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ಅದು ಮೂರು ಮೀಟರು ಮುಂದಕ್ಕೆ ಹೋಗಿ ಬೀಳುತ್ತದೆ. ನೆಲ ಬಿಡುವ ಗಳಿಗೆಯಲ್ಲಿ ಚಿತ್ರ ತೆಗೆದರೆ, ೧/೧೨೫ ಸೆಕೆಂಡಿಗೆ ಲಂಬವಾದ ಮಸುಕೇ ಒಂದು ಮಿಲಿಮೀಟರಿನಷ್ಟಾಗುತ್ತದೆ. ನೆತ್ತಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮೊದಲು ಅಥವಾ ಅನಂತರ ತೆಗೆದರೆ ಊರ್ಧ್ವವೇಗ ಅರ್ಧ ಮೀಟರಿಗೆ ಇಳಿದಿರುತ್ತದೆ. ಮಸುಕು ಮಿಲಿಮೀಟರಿನ ಐದನೆಯ ಒಂದು ಭಾಗ. ರೋಡಿಯೊದ ಅನುಭವಿಗಳು ಹೋರಿಯು ನೆಗೆದು ತುದಿ ಮುಟ್ಟುವ ಗಳಿಗೆಯನ್ನೇ ಕಾಯುವುದು ಸೊಗಸಿಗಾಗಿ ಮಾತ್ರವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಈಗ ಎರಡನೆಯ ಮತ್ತು ಮೂರನೆಯ ಉಪಾಯಗಳನ್ನು ಕೂಡಿಸಿ ನೋಡೋಣ. ಅಡ್ಡವೇಗವನ್ನು ಅನುಸರಣೆ ನುಂಗಿತು, ಲಂಬವೇಗವನ್ನು ನೆತ್ತಿಯ ಗಳಿಗೆ ನುಂಗಿತು. ೧/೧೦೦೦ ಸೆಕೆಂಡು ಬೇಕಾಗಿದ್ದ ಕಡೆ ೧/೧೨೫ ಸಾಕಾಯಿತು. ನಮಗೆ ಎಂಟುಪಟ್ಟು ಬೆಳಕು ಉಳಿಯಿತು. ಎಂಟೆಂದರೆ ಮೂರು ಸಲ ಇಮ್ಮಡಿ. ಒಂದು ಇಮ್ಮಡಿಗೆ ಮೂರು ನಿಮಿಷದಂತೆ ಒಂಬತ್ತು ನಿಮಿಷ. ಅಸ್ತಮಯವಾದ ಒಂದೇ ನಿಮಿಷಕ್ಕೆ ಕ್ಯಾಮರಾವನ್ನು ಚೀಲಕ್ಕೆ ಸೇರಿಸಬೇಕಾಗಿದ್ದವನು ಹತ್ತು ನಿಮಿಷ ಕೆಲಸ ಮಾಡಬಹುದು. ಒಂದು ಸಣ್ಣ ಊರಿನ ರಾಸುಗಳೆಲ್ಲ ಹಾಯುವುದಕ್ಕೆ ಅಷ್ಟು ಹೊತ್ತು ಸಾಕು.

ಕಾಲುಗಳ ಮಾತು ಬೇರೆ. ಎತ್ತಿನ ಗಾಡಿಯ ಗಾಲಿಯಲ್ಲಿ ನೆಲವನ್ನು ಮುಟ್ಟಿದ ಬಿಂದು ಆ ಗಳಿಗೆಯಲ್ಲಿ ನಿಂತೇ ಇರುತ್ತದೆ, ತುತ್ತತುದಿಯ ಬಿಂದು ಗಾಡಿಯ ಎರಡರಷ್ಟು ವೇಗದಲ್ಲಿ ಧಾವಿಸುತ್ತಿರುತ್ತದೆ. ಚಲಿಸುವ ಗಾಡಿಯ ಚಿತ್ರದಲ್ಲಿ ಕೆಳಗಿನ ಅರೆಕಾಲುಗಳು ಸ್ಫುಟವಾಗಿ ಮೇಲಿನವು ಮಸುಕಾಗಿ ಕಾಣುವುದನ್ನು ಪರೀಕ್ಷಿಸಿ ನೋಡಬಹುದು. ಓಡುವ ಎತ್ತಿನ ಗೊರಸೂ ಹಾಗೆಯೇ: ನೆಲದ ಮೇಲೆ ಊರಿದಾಗ ನಿಶ್ಚಲ, ಮುಂದಕ್ಕೆ ಬೀಸುವಾಗ ಮೈಗಿಂತ ಬಹಳ ಹೆಚ್ಚು ವೇಗ. ಆದುದರಿಂದ ೧/೧೨೫ರ ಚಿತ್ರದಲ್ಲಿ ತಲೆಯೂ ಮೈಯೂ ಸ್ಫುಟವಾಗಿ ಗೊರಸುಗಳು ತುಸು ಕರಗಿರಬಹುದು. ಆದರೆ ನೆತ್ತಿಯ ಗಳಿಗೆಯಲ್ಲಿ ಕಾಲುಗಳು ಮಡಿಚಿಕೊಂಡು ಬಹುಮಟ್ಟಿಗೆ ಮೈಯೊಡನೆಯೇ ಸಾಗುವುದರಿಂದ ಅವೂ ಸಾಕಷ್ಟು ಚೆನ್ನಾಗಿಯೇ ಬರುತ್ತವೆ.

ಈ ಗಳಿಗೆಯನ್ನು ಹಿಡಿಯುವುದೇ ಕಠಿಣ. ಕಂಡೊಡನೆ ಬೆರಳನ್ನು ಒತ್ತಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಎತ್ತು ೧.೨ ಮೀಟರು ಮುಂದೆ ಹೋಗಿರುತ್ತದೆ. ನೆತ್ತಿಯನ್ನು ಕಂಡು ಒತ್ತಿದವನಿಗೆ ದೊರೆಯುವುದು ನೆಲ ಮುಟ್ಟುವ ಎತ್ತು. ಮುಂಗಾಲುಗಳು ನೆಲ ಬಿಟ್ಟಾಗಲೇ ಒತ್ತಬೇಕು. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮರಾ ಇದ್ದರೆ ಕೆಲಸ ಹಗುರ. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಹತ್ತನೆಯ ಒಂದು ಸೆಕೆಂಡು ಇರುವುದರಿಂದ, ಯಾವುದಾದರೊಂದು ಚಿತ್ರ ನೆತ್ತಿಗೆ ಇಪ್ಪತ್ತನೆಯ ಒಂದು ಸೆಕೆಂಡಿನ ಒಳಗೆ ಬಿದ್ದೇ ತೀರುತ್ತದೆ. ಅಷ್ಟು ಸಾಮೀಪ್ಯ ಸಾಕೆಂಬುದನ್ನು ಈಗ ತಾನೆ ಲೆಕ್ಕ ಹಾಕಿದ್ದೇವೆ. ನಾಭಿಯನ್ನೂ ಮುಂಚೆಯೇ ಸರಿಪಡಿಸಿಕೊಂಡಿರಬೇಕು. ಕತ್ತಲಲ್ಲಿ, ಜ್ವಾಲೆಗಳ ಕುಣಿತದ ನಡುವೆ, ಕ್ಯಾಮರಾದ ಸ್ವಯಂಚಾಲಿತ ನಾಭೀಕರಣವನ್ನು ನಂಬುವುದು ನಮ್ಮ ಮಟ್ಟಿಗೆ ಜೂಜು. ಬೆಂಕಿ ಹಚ್ಚುವುದಕ್ಕೆ ಮೊದಲೇ ಹರಡಿದ ಹುಲ್ಲಿನ ಅಂಚಿಗೆ ನಾಭಿಯನ್ನು ಹೂಡಿ ಹಾಗೆಯೇ ಬಿಡಬೇಕು. ೩೬ ಮಿಲಿಮೀಟರು ಅಗಲದ ಸಂವೇದಕವುಳ್ಳ ಕ್ಯಾಮರಾದಲ್ಲಿ ೭೦ ಮಿಲಿಮೀಟರಿನ ಮಸೂರವನ್ನು ಎಫ್/೨.೮ಕ್ಕೆ ತೆರೆದು ೧೨ ಮೀಟರಿಗೆ ಹೂಡಿದರೆ, ಮುಂದೆ ಹಿಂದೆ ಸೇರಿ ಸುಮಾರು ಐದು ಮೀಟರು ಆಳದವರೆಗೆ ಎಲ್ಲವೂ ಸ್ಫುಟವಾಗಿರುತ್ತದೆ. ಮೂರು ಮೀಟರಿನ ನೆಗೆತ ಅದರೊಳಗೆ ನೆಮ್ಮದಿಯಾಗಿ ಅಡಗುತ್ತದೆ.

ಉರಿಯ ಬೆಳಕು, ಮಿಂಚುದೀಪ

ಹಲವು ಊರುಗಳಲ್ಲಿ ಪೂರ್ತಿ ಕತ್ತಲಾದ ಮೇಲೆಯೇ ಕಿಚ್ಚು ಹಚ್ಚುತ್ತಾರೆ. ಆಗ ಉರಿಯೇ ದೀಪ. ಒಣಹುಲ್ಲು ಭಗ್ಗನೆ ಹತ್ತಿ ಬೇಗ ಕುಗ್ಗುವುದರಿಂದ ಬೆಳಕು ಗಳಿಗೆಗಳಿಗೆಗೂ ಬದಲಾಗುತ್ತದೆ. ಹೊಸ ಹುಲ್ಲು ಹಾಕಿದೊಡನೆ ಬರುವ ಮೊದಲ ಒಂದೆರಡು ರಾಸುಗಳಿಗೆ ನಮ್ಮ ಗಮನವನ್ನೆಲ್ಲ ಮೀಸಲಿಡುವುದು ಜಾಣತನ. ಉರಿಯಿಂದ ದೂರ ಇಮ್ಮಡಿಯಾದರೆ ಬೆಳಕು ಹೆಚ್ಚುಕಡಮೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದಕಾರಣ ಎತ್ತು ಅತ್ಯಂತ ಹೆಚ್ಚು ಬೆಳಗುವುದು ನೆಗೆತದ ಗಳಿಗೆಯಲ್ಲಿಯೇ. ಇದೂ ನಮಗೆ ಅನುಕೂಲ. ಕ್ಯಾಮರಾದ ಬೆಳಕುಮಾಪಕವು ಜ್ವಾಲೆಯ ಹೊಳಪಿಗೆ ಮೋಸಹೋಗಿ ಎತ್ತನ್ನು ಕಪ್ಪಾಗಿಸುತ್ತದೆಯಾದ್ದರಿಂದ ಷಟರು, ರಂಧ್ರ, ಸೂಕ್ಷ್ಮತೆ ಮೂರನ್ನೂ ಕೈಯಿಂದಲೇ ಗೊತ್ತುಮಾಡಬೇಕು. ಮೊದಲ ರಾಸಿನ ಚಿತ್ರವನ್ನು ನೋಡಿ ತಿದ್ದಿಕೊಳ್ಳಬಹುದು. ಬೂದು ಬಣ್ಣದ ಹಳ್ಳಿಕಾರ್ ಎತ್ತಿಗೆ ಸಾಕಾದ ಬೆಳಕು ಕರಿಯ ಎಮ್ಮೆಗೆ ಸಾಲದು ಎಂಬುದೂ ನೆನಪಿರಲಿ. ಹಬ್ಬಕ್ಕೆಂದು ಕಟ್ಟಿದ ವಿದ್ಯುದ್ದೀಪಗಳು ಇದ್ದಲ್ಲಿ ಇನ್ನೊಂದು ತೊಡಕು ಉಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವುದರಿಂದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಮಿಡಿಯುತ್ತವೆ. ೧/೧೦೦೦ ಸೆಕೆಂಡಿನ ಚಿತ್ರಗಳು ಒಂದು ಬೆಳಗಿ ಒಂದು ಕಂದುವುದು ಇದರಿಂದಲೇ. ೧/೧೦೦ಕ್ಕೆ ಇಳಿಸಿದರೆ ಈ ಕಾಟ ತಪ್ಪುತ್ತದೆ.

ಮಿಂಚುದೀಪವನ್ನು, ಅಂದರೆ ಫ್ಲಾಶನ್ನು, ಏಕೆ ಬಳಸಬಾರದು? ಭೌತಶಾಸ್ತ್ರದ ದೃಷ್ಟಿಯಿಂದ ಅದರಷ್ಟು ಒಳ್ಳೆಯ ಸಾಧನವಿಲ್ಲ. ಕಡಿಮೆ ಶಕ್ತಿಯಲ್ಲಿ ಅದರ ಮಿಂಚು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಿರಿದು, ಯಾವ ಗೊರಸನ್ನಾದರೂ ನಿಲ್ಲಿಸಿಬಿಡುತ್ತದೆ. ಆದರೆ ರಾಸಿನ ಕಣ್ಣನ್ನು ಸ್ವಲ್ಪ ವಿಚಾರಿಸಿ. ತಲೆಯ ಎರಡು ಪಕ್ಕದಲ್ಲಿ ಇರುವ ಆ ಕಣ್ಣುಗಳಿಗೆ ಬೆನ್ನ ಹಿಂದಿನ ಒಂದು ಸಣ್ಣ ಭಾಗವನ್ನು ಬಿಟ್ಟು ಸುತ್ತಲೂ ಕಾಣುತ್ತದೆ. ಅಕ್ಷಿಪಟದ ಹಿಂದೆ ಬೆಳಕನ್ನು ಮರಳಿಸುವ ಕನ್ನಡಿಯಂಥ ಪೊರೆಯೊಂದಿದೆ. ರಾತ್ರಿ ದನದ ಕಣ್ಣು ಹೊಳೆಯುವುದು ಅದರಿಂದಲೇ. ಕತ್ತಲಿಗೆ ಅರಳಿದ ಅಂಥ ಕಣ್ಣಿಗೆ ಓರೆಯಿಂದ ಹೊಡೆದ ಮಿಂಚು ಎಷ್ಟು ಘೋರವಾಗಿರಬಹುದು! ಮುಂದೆ ಬೆಂಕಿ, ಸುತ್ತ ಜನರ ಕೇಕೆ, ಕೈಯಲ್ಲಿ ಹಗ್ಗ ಹಿಡಿದ ಒಡೆಯ. ಆ ಗಳಿಗೆಯಲ್ಲಿ ರಾಸು ಬೆದರಿ ಹೆಜ್ಜೆ ತಪ್ಪಿದರೆ ಅದು ಬೀಳುವುದು ಉರಿಯೊಳಕ್ಕೆ, ಅಥವಾ ಪಕ್ಕದಲ್ಲಿ ನಿಂತ ಮಕ್ಕಳ ಮೇಲಕ್ಕೆ. ಉರಿಯ ಹೊಂಬಣ್ಣವೂ ಮಿಂಚಿನ ಬಿಳಿ ಬೆಳಕಿನಲ್ಲಿ ತೊಳೆದುಹೋಗುತ್ತದೆ ಎಂಬುದು ಇದರ ಮುಂದೆ ಸಣ್ಣ ಮಾತು.

ಬೆಳಕು ಏನೂ ಸಾಲದಾದಾಗ ಒಂದು ಹಳೆಯ ಉಪಾಯವಿದೆ. ೧೮೭೮ರ ಜೂನಿನಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ಕಟ್ಟಿದ ದಾರಗಳನ್ನು ಕುದುರೆಯ ಕಾಲುಗಳೇ ಎಳೆಯುವಂತೆ ಮಾಡಿ, ನಾಗಾಲೋಟದ ಚಿತ್ರಮಾಲೆಯನ್ನು ತೆಗೆದನು. ಓಡುವ ಕುದುರೆ ನಾಲ್ಕು ಕಾಲುಗಳನ್ನೂ ಚಾಚಿ ಹಾರುತ್ತದೆಂದು ಚಿತ್ರಕಾರರು ಶತಮಾನಗಳಿಂದ ಬರೆಯುತ್ತಿದ್ದರು. ನಾಲ್ಕೂ ಕಾಲುಗಳು ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಮಡಿಚಿಕೊಂಡಾಗ ಎಂಬುದನ್ನು ಆ ಚಿತ್ರಗಳು ತೋರಿಸಿದುವು. ಆ ಕಾಲದ ಗಾಜಿನ ಫಲಕಗಳು ಬಹಳ ಮಂದ, ಬೆಳಕು ಸಾಲದು. ಅದಕ್ಕಾಗಿ ಆತ ಕುದುರೆಯ ಹಿಂದೆ ಬಿಳಿಯ ತೆರೆಯನ್ನು ಕಟ್ಟಿದ್ದನು, ಕುದುರೆ ಅದರ ಮುಂದೆ ಕಪ್ಪು ನೆರಳಿನಂತೆ ಮೂಡಿತು. ನಮ್ಮ ಬಿಳಿಯ ತೆರೆ ಪಡುವಣ ಬಾನು. ಅಸ್ತಮಯವಾದ ಮೇಲೂ ಅದು ನೆಲಕ್ಕಿಂತ ಎಷ್ಟೋ ಪಾಲು ಬೆಳ್ಳಗಿರುತ್ತದೆ. ತಗ್ಗಿನಲ್ಲಿ ಕುಳಿತು, ಏರಿಯ ಮೇಲೆ ಹಾಯುವ ಎತ್ತು ಆ ಬಾನಿಗೆ ಎದುರಾಗಿ ಕಾಣುವಂತೆ ನೋಡಿಕೊಂಡರೆ ೧/೧೦೦೦ ಸೆಕೆಂಡಿನಲ್ಲಿಯೇ ಕೊಂಬಿನ ಬಾಗು, ಬಾಲದ ಗೊಂಡೆ, ಹಾರುವ ಕಿಡಿಗಳ ಸಮೇತ ಛಾಯಾರೂಪ ದೊರೆಯುತ್ತದೆ.

ಕೈಯಲ್ಲಿರುವುದು ಫೋನೊಂದೇ ಆದರೆ ಎರಡು ಎಚ್ಚರಿಕೆಗಳು. ರಾತ್ರಿಯ ಚಿತ್ರಕ್ಕೆಂದು ಅದರಲ್ಲಿರುವ ವ್ಯವಸ್ಥೆ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ. ನಿಂತ ಗೋಪುರಕ್ಕೆ ಅದು ಸೊಗಸು, ಓಡುವ ಎತ್ತಿಗೆ ಕೂಡದು. ಇನ್ನೊಂದು, ಬಹುತೇಕ ಫೋನುಗಳ ಸಂವೇದಕ ಚಿತ್ರವನ್ನು ಒಮ್ಮೆಲೇ ಓದದೆ ಸಾಲುಸಾಲಾಗಿ ಓದುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರಲು ೧/೫೦ ಸೆಕೆಂಡು ಹಿಡಿದರೆ ಅಷ್ಟರಲ್ಲಿ ಎತ್ತು ೧೨ ಸೆಂಟಿಮೀಟರು ಜರುಗಿ, ನಿಂತ ಕಾಲು ಓರೆಯಾಗಿ ಕಾಣುತ್ತದೆ. ಇಲ್ಲಿಯೂ ಎತ್ತನ್ನು ಅನುಸರಿಸಿ ಹೊರಳಿಸುವುದೇ ಮದ್ದು.

ಇಷ್ಟನ್ನೂ ಹಬ್ಬದ ದಿನವೇ ಮೊದಲ ಬಾರಿಗೆ ಪ್ರಯೋಗಿಸಹೊರಡುವುದು ಒಳ್ಳೆಯದಲ್ಲ. ಮೈಸೂರಿನ ಹೆದ್ದಾರಿಯ ಬದಿಯಲ್ಲಿ ಸೈಕಲ್ ಸವಾರರನ್ನು ಅನುಸರಿಸಿ ಕೈ ಪಳಗಿಸಿಕೊಳ್ಳಬಹುದು. ನರಸೀಪುರದ ಸಂಗಮದಲ್ಲಿ ನೀರಿಗೆ ಹಾರುವ ಹುಡುಗರು ನೆತ್ತಿಯ ಗಳಿಗೆಯನ್ನು ಕಲಿಸುವ ಗುರುಗಳು. ಸುತ್ತೂರಿನ ಜಾತ್ರೆಯ ಕುಸ್ತಿಗಳಲ್ಲಿ, ಎತ್ತಿ ಒಗೆಯುವ ಪಟ್ಟಿನಲ್ಲಿ, ಎರಡು ಮೈಗಳೂ ಒಂದು ಗಳಿಗೆ ನಿಂತಂತಾಗುವುದನ್ನು ಕಾಣಬಹುದು.

ಸ್ಫುಟವಾದ ಚಿತ್ರವನ್ನು ರಾಸಿನ ಒಡೆಯರಿಗೆ ಅವಶ್ಯವಾಗಿ ತೋರಿಸಬೇಕು. ಉರಿ ಕಾಲಿಗೆ ಎಷ್ಟು ಹತ್ತಿರ ಬಂತು, ಕೆಚ್ಚಲಿಗೆ ತಗುಲಿತೇ, ಗಂಗೆದೊಗಲಿನ ಕೂದಲು ಸುಟ್ಟಿತೇ ಎಂಬುದನ್ನು ಕತ್ತಲಲ್ಲಿ ಓಡುತ್ತಿದ್ದ ಅವರು ಕಂಡಿರಲಾರರು, ಚಿತ್ರ ಕಂಡಿರುತ್ತದೆ. ಹುಲ್ಲಿನ ಪಟ್ಟಿ ಎರಡು ಮೀಟರು ಅಗಲವಿದ್ದರೆ ಎತ್ತು ಅದನ್ನು ದಾಟುವುದು ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ. ಚರ್ಮ ಕಾಯುವುದಕ್ಕೆ ಅಷ್ಟು ಹೊತ್ತು ಸಾಲದೆಂಬುದೇ ಈ ಆಚರಣೆಯ ಬಲ. ಪಟ್ಟಿ ಅಗಲವಾದಂತೆ, ರಾಸು ಹಿಂಜರಿದಂತೆ, ಆ ಬಲ ಕಡಿಮೆಯಾಗುತ್ತದೆ. ಮುಂದಿನ ವರ್ಷ ಹುಲ್ಲನ್ನು ತೆಳ್ಳಗೆ ಹರಡಬೇಕೇ, ಹಾಲುಕೊಡುವ ಹಸುವನ್ನು ಬಿಡಬೇಕೇ ಎಂಬ ಮಾತಿಗೆ ಇಂಥ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಮಸುಕಾಗಿ ಬಂದವುಗಳನ್ನು ಒಡನೆಯೇ ಅಳಿಸಿಹಾಕಬೇಡಿ. ಕ್ಯಾಮರಾವನ್ನು ಹೊರಳಿಸದೆ, ಅಡ್ಡಲಾಗಿ ಓಡುವ ಎತ್ತನ್ನು ೧/೬೦ ಸೆಕೆಂಡಿನಲ್ಲಿ ತೆಗೆದ ಚಿತ್ರವೊಂದು ನಿಮ್ಮಲ್ಲಿದ್ದರೆ, ಕೊಂಬಿನ ತುದಿ ಎಳೆದ ಗೆರೆಯನ್ನು ಅಡಿಪಟ್ಟಿಯಿಂದ ಅಳೆಯಿರಿ. ಎತ್ತಿನ ಉದ್ದವನ್ನು ಮರುದಿನ ಕೊಟ್ಟಿಗೆಯಲ್ಲಿ ಅಳೆದು ಚಿತ್ರದ ಪ್ರಮಾಣವನ್ನು ತಿಳಿಯಿರಿ. ಗೆರೆ ೫ ಮಿಲಿಮೀಟರು, ಪ್ರಮಾಣ ಇಪ್ಪತ್ತರಲ್ಲಿ ಒಂದು ಎಂದಾದರೆ, ಕೊಂಬು ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ೧೦ ಸೆಂಟಿಮೀಟರು ಸಾಗಿದೆ. ಎತ್ತಿನ ವೇಗ ಸೆಕೆಂಡಿಗೆ ೬ ಮೀಟರು. ನಾವು ಮೇಲೆ ಊಹೆಯಿಂದ ಇಟ್ಟುಕೊಂಡ ಸಂಖ್ಯೆಯನ್ನು ನಿಮ್ಮ ಊರಿನ ಎತ್ತುಗಳು ಒಪ್ಪುತ್ತವೆಯೋ ಇಲ್ಲವೋ ಎಂಬುದನ್ನು ಹೀಗೆ ಪರೀಕ್ಷಿಸಬಹುದು.